ವೇಗದ ವಾಹನಗಳು: ಚಾಲನೆಯ ಅನುಭವ ಮತ್ತು ಕಳವಿನ ಭಯ

ಬೈಕುಲ್ಲಾದ ನಿವಾಸಿಗಳಾದ ನಮಗೆ ವೇಗವೆಂಬುದು ಹೊಸ ಸಂಗತಿಯೇನೂ ಅಲ್ಲ. ಮಹಾಲಕ್ಷ್ಮಿಯಲ್ಲಿ ರೇಸ್‌ಕೋರ್ಸು ತಲೆಯೆತ್ತುವ ಮೊದಲು ಮುಂಬಯಿಯ ಕುದುರೆ ಪಂದ್ಯಗಳು ನಡೆಯುತ್ತಿದ್ದುದು ಬೈಕುಲ್ಲಾದ ಬಯಲಿನಲ್ಲಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಭಾರತದ ಮೊತ್ತಮೊದಲ ಪ್ರಯಾಣಿಕರ ರೈಲು ಹಾದುಹೋದುದೂ ಬೈಕುಲ್ಲಾದ ಮೂಲಕವೇ. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಉಗಿಯಂತ್ರಗಳು ಹದಿನಾಲ್ಕು ಡಬ್ಬಿಗಳನ್ನು ಎಳೆದುಕೊಂಡು 34 ಕಿಲೋಮೀಟರುಗಳ ದಾರಿಯನ್ನು 57 ನಿಮಿಷಗಳಲ್ಲಿ ಕ್ರಮಿಸಿದವು. ಅಂದರೆ ಗಂಟೆಗೆ ಸುಮಾರು 36 ಕಿ.ಮೀ. ವೇಗ. ಇಂದು ಸಂಜೆ ಕಚೇರಿ ಬಿಡುವ ಹೊತ್ತಿನಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರ್ ರಸ್ತೆಯ ಮೇಲೆ ಕೋಟಿ ರೂಪಾಯಿ ಬೆಲೆಯ ಕಾರಿಗೂ ಆ ವೇಗ ದೊರಕುವುದು ಕಷ್ಟ!

ಆದರೂ ವೇಗದ ವಾಹನಗಳ ಮೇಲಣ ಮೋಹ ಮಾತ್ರ ನಮ್ಮಲ್ಲಿ ದಿನೇ ದಿನೇ ಬೆಳೆಯುತ್ತಿದೆ. ಒಂದು ಕಾಲದಲ್ಲಿ ಕಾರೆಂದರೆ ಶ್ರೀಮಂತರ ಸೊತ್ತು. ಇಂದು ಕರಾವಳಿಯಿಂದಲೋ ಉತ್ತರ ಕರ್ನಾಟಕದಿಂದಲೋ ಬರಿಗೈಯಲ್ಲಿ ಬಂದು, ಹೋಟೆಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದ ನಮ್ಮವರ ಮಕ್ಕಳು ಮೊದಲ ನೌಕರಿಯ ಮೂರನೆಯ ವರ್ಷದಲ್ಲಿಯೇ ಕಾರು ಕೊಳ್ಳುತ್ತಾರೆ. ಇದು ಸಂತೋಷದ ವಿಷಯವೇ ಸರಿ. ಆದರೆ ಆ ವಾಹನದ ಶಕ್ತಿ ಎಷ್ಟು, ಆ ಶಕ್ತಿಯನ್ನು ನಮ್ಮ ಶರೀರ ಎಷ್ಟರಮಟ್ಟಿಗೆ ತಾಳಬಲ್ಲದು, ನಮ್ಮ ಕಣ್ತಪ್ಪಿಸಿ ಅದನ್ನು ಕದ್ದೊಯ್ಯುವವನ ವಿದ್ಯೆ ಇಂದು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ತಿಳಿದವರು ವಿರಳ. ಈ ಮೂರು ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಪದ್ಮಿನಿಯಿಂದ ವಿದ್ಯುತ್ ಕಾರಿನವರೆಗೆ

ಭಾರತದ ಮೋಟಾರು ಉದ್ಯಮದ ಬಾಲ್ಯ ಕಳೆದುದು ಬಹುಮಟ್ಟಿಗೆ ನಮ್ಮ ಸುತ್ತಮುತ್ತಲಲ್ಲಿಯೇ. 1928ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಶಿವಡಿಯಲ್ಲಿ ಕಾರು ಜೋಡಿಸುವ ಕಾರ್ಖಾನೆಯನ್ನು ತೆರೆಯಿತು. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು ಕುರ್ಲಾದಲ್ಲಿ ಫಿಯೆಟ್ ಕಾರುಗಳನ್ನು ತಯಾರಿಸಿತು. ಆ ಫಿಯೆಟ್ಟೇ 1974ರಲ್ಲಿ ಪ್ರೀಮಿಯರ್ ಪದ್ಮಿನಿಯೆಂಬ ಹೆಸರು ಪಡೆದು, ಕಪ್ಪು ಹಳದಿ ಬಣ್ಣದ ಟ್ಯಾಕ್ಸಿಯಾಗಿ ಮುಂಬಯಿಯ ಗುರುತೇ ಆಗಿಬಿಟ್ಟಿತು. ಕೊನೆಯ ಪದ್ಮಿನಿ ಟ್ಯಾಕ್ಸಿಯು 2003ರ ಅಕ್ಟೋಬರ್ 29ರಂದು ತಾಡದೇವದ ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿಯಾಯಿತು. ಟ್ಯಾಕ್ಸಿಗಳಿಗೆ ವಿಧಿಸಿದ ಇಪ್ಪತ್ತು ವರ್ಷಗಳ ಆಯುಸ್ಸು ಮುಗಿದು, 2023ರ ಅಕ್ಟೋಬರ್ ಅಂತ್ಯಕ್ಕೆ ಪದ್ಮಿನಿ ಟ್ಯಾಕ್ಸಿಯು ನಗರದ ರಸ್ತೆಗಳಿಂದ ಮರೆಯಾಯಿತು.

ಈ ಲೇಖಕನು ಚಾಲನೆ ಕಲಿತದ್ದು ಪದ್ಮಿನಿಯಲ್ಲಿ. 1089 ಸಿ.ಸಿ.ಯ ಇಂಜಿನು, ಸುಮಾರು 40 ಅಶ್ವಶಕ್ತಿ, ಸ್ಟಿಯರಿಂಗ್ ಚಕ್ರದ ಬಳಿಯಲ್ಲಿಯೇ ಗೇರಿನ ಹಿಡಿ. ತಿರುವಿನಲ್ಲಿ ಸ್ಟಿಯರಿಂಗನ್ನು ತಿರುಗಿಸಲು ಎರಡೂ ತೋಳುಗಳ ಬಲ ಬೇಕು. ಬ್ರೇಕು ಹಿಡಿಯಲು ಕಾಲಿನ ಬಲವೆಲ್ಲ ಬೇಕು. ಗಂಟೆಗೆ 80 ಕಿ.ಮೀ. ವೇಗ ಮುಟ್ಟಿತೆಂದರೆ ಬಾಗಿಲು, ಕಿಟಕಿ, ನೆಲ ಎಲ್ಲವೂ ಒಟ್ಟಾಗಿ ಮಾತಾಡತೊಡಗುವವು. ವೇಗವೆಷ್ಟೆಂದು ತಿಳಿಯಲು ಮೀಟರನ್ನು ನೋಡಬೇಕಾಗಿರಲಿಲ್ಲ. ಚಾಲಕನ ಕಿವಿಗೂ ಅಂಗೈಗೂ ಬೆನ್ನಿಗೂ ಅದು ತಾನಾಗಿಯೇ ತಿಳಿಯುತ್ತಿತ್ತು. ಇದು ದೋಷವೆಂದು ಆಗ ತೋರಿದರೂ ಚಾಲಕನನ್ನು ಎಚ್ಚರದಲ್ಲಿಡುವ ಗುಣವೂ ಅದೇ ಆಗಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. 796 ಸಿ.ಸಿ.ಯ ಆ ಚಿಕ್ಕ ಕಾರು ಹಗುರವಾಗಿ, ಚುರುಕಾಗಿ, ಬೆರಳ ತುದಿಯಲ್ಲಿ ತಿರುಗುವಂತಿತ್ತು. ಮಧ್ಯಮ ವರ್ಗದವರಿಗೆ ವೇಗದ ರುಚಿಯನ್ನು ಮೊದಲು ತೋರಿಸಿದುದು ಅದೇ ಎನ್ನಬೇಕು. 2004ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್.ಎಸ್. ನಮ್ಮ ದೇಶಕ್ಕೆ ಬಂದಾಗ, ಟರ್ಬೋ ಪೆಟ್ರೋಲ್ ಇಂಜಿನಿನ 150 ಅಶ್ವಶಕ್ತಿ ಒಂದು ಕುಟುಂಬದ ಕಾರಿನಲ್ಲಿಯೇ ದೊರಕಿತು. ಮಿತ್ರರೊಬ್ಬರ ಕೃಪೆಯಿಂದ ಅದನ್ನು ಮುಂಬಯಿ-ಪುಣೆ ದ್ರುತಗತಿ ಮಾರ್ಗದಲ್ಲಿ ಓಡಿಸುವ ಯೋಗ ಒದಗಿತ್ತು. ಕಾಲೊತ್ತಿದಾಗ ಒಂದು ಕ್ಷಣ ಏನೂ ಆಗದಂತೆ ತೋರಿ, ಮರುಕ್ಷಣ ಯಾರೋ ಬೆನ್ನ ಹಿಂದೆ ಕೈಯಿಟ್ಟು ಮುಂದಕ್ಕೆ ನೂಕಿದಂತೆ ಭಾಸವಾಗುತ್ತಿತ್ತು. ಟರ್ಬೋ ಚಕ್ರವು ವೇಗ ಪಡೆದುಕೊಳ್ಳುವ ತನಕದ ಆ ವಿಳಂಬವನ್ನು ಅರಿಯದವರು ಎದುರಿನ ವಾಹನವನ್ನು ಹಿಂದಿಕ್ಕುವಾಗ ಲೆಕ್ಕ ತಪ್ಪುವ ಸಂಭವವಿತ್ತು.

ಇನ್ನು ಇಂದಿನ ವಿದ್ಯುತ್ ಕಾರುಗಳ ಮಾತೇ ಬೇರೆ. ಅಲ್ಲಿ ಗೇರಿಲ್ಲ, ಗರ್ಜನೆಯಿಲ್ಲ, ವಿಳಂಬವಿಲ್ಲ. ವಿದ್ಯುತ್ ಮೋಟಾರು ನಿಂತ ನಿಲುವಿನಲ್ಲಿಯೇ ತನ್ನ ಪೂರ್ಣ ತಿರುಚುಬಲವನ್ನು ಕೊಡಬಲ್ಲದು. 2019ರಲ್ಲಿ ಬಂದ ಪೋರ್ಷೆ ಟೈಕಾನ್ ಟರ್ಬೋ ಎಸ್. ಕಾರು ಶೂನ್ಯದಿಂದ 100 ಕಿ.ಮೀ. ವೇಗಕ್ಕೆ 2.8 ಸೆಕೆಂಡುಗಳಲ್ಲಿ ಏರುವುದೆಂದು ಅದರ ತಯಾರಕರು ಹೇಳಿದರು. ಗಣಿತದ ಪ್ರಕಾರ ಇದು ಮಾಳಿಗೆಯಿಂದ ಕೆಳಗೆ ಬೀಳುವ ಕಲ್ಲಿನ ವೇಗೋತ್ಕರ್ಷಕ್ಕೆ ಹೆಚ್ಚುಕಡಿಮೆ ಸಮಾನ. ಈ ಲೇಖಕನು ಓಡಿಸಿದ ವಿದ್ಯುತ್ ಕಾರು ಅಷ್ಟು ಬಲಶಾಲಿಯಲ್ಲ. ಆದರೂ ಅದರ ನಿಶ್ಶಬ್ದತೆಯೇ ಅಪಾಯವೆಂದು ಮನಸ್ಸಿಗೆ ತಟ್ಟಿತು. ಅಟಲ್ ಸೇತುವಿನ ಮೇಲೆ ಗಂಟೆಗೆ 90 ಕಿ.ಮೀ. ವೇಗದಲ್ಲಿರುವಾಗ, ಮನೆಯ ಆರಾಮಕುರ್ಚಿಯಲ್ಲಿ ಕುಳಿತು ಸಮುದ್ರ ನೋಡಿದಂತೆಯೇ ಇತ್ತು! ಪದ್ಮಿನಿಯು 80ರಲ್ಲಿ ಕೂಗಿ ಹೇಳುತ್ತಿದ್ದ ಎಚ್ಚರಿಕೆಯನ್ನು ಈ ಕಾರು 120ರಲ್ಲಿಯೂ ಹೇಳುವುದಿಲ್ಲ.

ವೇಗ ಮತ್ತು ಶರೀರ

ಕಾರು ಬದಲಾಯಿತು, ಆದರೆ ಅದನ್ನು ಓಡಿಸುವ ಮನುಷ್ಯನ ಶರೀರ ಬದಲಾಗಿಲ್ಲ. ಕಣ್ಣು ಕಂಡದ್ದನ್ನು ಮಿದುಳು ಅರಿತು, ಕಾಲಿಗೆ ಆಜ್ಞೆ ಕೊಟ್ಟು, ಕಾಲು ಬ್ರೇಕನ್ನು ಒತ್ತುವುದಕ್ಕೆ ಸಾಧಾರಣ ಚಾಲಕನಿಗೆ ಒಂದೂವರೆ ಸೆಕೆಂಡು ಹಿಡಿಯುವುದೆಂದು ಎಣಿಸಿಕೊಳ್ಳೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಆ ಅವಧಿಯೊಳಗೆ ಕಾರು ಸುಮಾರು 21 ಮೀಟರು ಮುಂದೆ ಹೋಗುವುದು. ಬಳಿಕ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಹಿಡಿದು ನಿಲ್ಲಲು ಇನ್ನು 14 ಮೀಟರು ಬೇಕು. ಒಟ್ಟು 35 ಮೀಟರು. ವೇಗವನ್ನು 100 ಕಿ.ಮೀ.ಗೆ ಏರಿಸಿದರೆ, ಕಾಲು ಬ್ರೇಕನ್ನು ಮುಟ್ಟುವ ಮೊದಲೇ 42 ಮೀಟರು, ನಿಲ್ಲಲು ಮತ್ತೆ 55 ಮೀಟರು. ಒಟ್ಟು 97 ಮೀಟರು. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ಇಮ್ಮಡಿಗಿಂತ ಬಹಳ ಹೆಚ್ಚಾಗುವುದು. ಜೂನ್ ತಿಂಗಳ ಮೊದಲ ಮಳೆಯಲ್ಲಿ, ಎಣ್ಣೆ ಧೂಳುಗಳು ಕಲೆತ ರಸ್ತೆಯಲ್ಲಿ, ಈ ದೂರ ಇನ್ನಷ್ಟು ಬೆಳೆಯುವುದು.

ಇನ್ನೊಂದು ಲೆಕ್ಕವನ್ನೂ ನೋಡಬಹುದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗೋಡೆಗೆ ಅಪ್ಪಳಿಸುವುದೂ ಮೂರು ಮಾಳಿಗೆಗಳ ಎತ್ತರದಿಂದ ಬೀಳುವುದೂ ಒಂದೇ. ಗಂಟೆಗೆ 80 ಕಿ.ಮೀ. ಆದರೆ ಎಂಟು ಮಾಳಿಗೆ, 100 ಕಿ.ಮೀ. ಆದರೆ ಹದಿಮೂರು ಮಾಳಿಗೆ. ಬೈಕುಲ್ಲಾದಲ್ಲಿ ಹಳೆಯ ಚಾಳುಗಳ ನೆಲದ ಮೇಲೆ ಎದ್ದು ನಿಂತಿರುವ ಗಗನಚುಂಬಿ ಕಟ್ಟಡಗಳ ಹದಿಮೂರನೆಯ ಮಾಳಿಗೆಯಿಂದ ಒಮ್ಮೆ ಕೆಳಗೆ ನೋಡಿದರೆ ಸಾಕು, ಮಾರ್ಗದ ಬದಿಯ ವೇಗಮಿತಿಯ ಫಲಕಕ್ಕೆ ಅರ್ಥ ಬರುತ್ತದೆ. ಕರಾವಳಿ ರಸ್ತೆಯನ್ನು 2024ರಲ್ಲಿ ತೆರೆದಾಗ ನೇರ ಮಾರ್ಗಕ್ಕೆ 80, ಸುರಂಗಕ್ಕೆ 60 ಎಂದು ಮಿತಿಯಿಟ್ಟುದು ಸುಮ್ಮನೆ ಅಲ್ಲ.

ಕಾರಿನ ಬೆಲೆ ಹೆಚ್ಚಾದಂತೆ ಪ್ರಾಣಕ್ಕೆ ಭದ್ರತೆಯೂ ತಾನಾಗಿಯೇ ಹೆಚ್ಚುವುದೆಂಬ ಭ್ರಮೆ ಬೇಡ. ಟಾಟಾ ಸಂಸ್ಥೆಯ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿಯವರು 2022ರ ಸೆಪ್ಟೆಂಬರ್ 4ರಂದು ಪಾಲಘರ್ ಜಿಲ್ಲೆಯಲ್ಲಿ ಸೂರ್ಯಾ ನದಿಯ ಸೇತುವೆಯ ಮೇಲೆ ನಡೆದ ಅಪಘಾತದಲ್ಲಿ ಮೃತರಾದರು. ಅವರು ಕುಳಿತಿದ್ದುದು ಉತ್ತಮ ದರ್ಜೆಯ ಮರ್ಸಿಡಿಸ್ ಕಾರಿನ ಹಿಂಬದಿಯ ಆಸನದಲ್ಲಿ. ಹಿಂದೆ ಕುಳಿತವರು ಸೀಟ್ ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಅಪಘಾತದಲ್ಲಿ ಕಾರು ನಿಂತರೂ ಒಳಗಿನ ಶರೀರ ಅದೇ ವೇಗದಲ್ಲಿ ಮುಂದೆ ಸಾಗುತ್ತದೆ. ಅದನ್ನು ತಡೆಯುವುದು ಬೆಲ್ಟು ಮಾತ್ರ. ಗಾಳಿಚೀಲವು ಬೆಲ್ಟಿಗೆ ಪೂರಕವೇ ಹೊರತು ಪರ್ಯಾಯವಲ್ಲ. ಊರಿಗೆ ಹೋಗುವಾಗ ಅಜ್ಜ ಅಜ್ಜಿಯರನ್ನು ಗೌರವದಿಂದ ಹಿಂದೆ ಕುಳ್ಳಿರಿಸುವ ನಾವು, ಅವರಿಗೆ ಬೆಲ್ಟು ಕಟ್ಟಿಸಲು ಸಂಕೋಚಪಡಬಾರದು.

2024ರ ಮೇ 19ರ ಬೆಳಗಿನ ಜಾವ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಷೆ ಟೈಕಾನ್ ಕಾರು ಬಡಿದು ಇಬ್ಬರು ಯುವ ಇಂಜಿನಿಯರರು ಪ್ರಾಣ ಕಳೆದುಕೊಂಡರು. ಕಾರನ್ನು ಹದಿನೇಳು ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದನೆಂದು ಪೊಲೀಸರ ಆಪಾದನೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೂ ವಾಹನದ ಒಡೆಯರಿಗೂ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡ ವಿಧಿಸಬಹುದು. ಮಗನ ಹಟಕ್ಕೆ ಮಣಿದು ಕೀಲಿ ಕೊಡುವ ತಂದೆತಾಯಿಗಳು ಇದನ್ನು ನೆನಪಿಡಬೇಕು.

ಚಾಲಕನ ಆರೋಗ್ಯದ ವಿಷಯದಲ್ಲಿ ನಾಲ್ಕು ಮಾತುಗಳು. ಶೀತ, ಅಲರ್ಜಿಗಳಿಗೆ ಕೊಡುವ ಕೆಲವು ಗುಳಿಗೆಗಳು ತೂಕಡಿಕೆ ತರುವುವು; ಅವನ್ನು ನುಂಗಿ ರಾತ್ರಿ ಪ್ರಯಾಣ ಹೊರಡಬಾರದು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಊಟ ತಪ್ಪಿಸಿ ಓಡಿಸಿದರೆ ರಕ್ತದ ಸಕ್ಕರೆ ಕುಸಿದು ಕಣ್ಣು ಕತ್ತಲಿಡಬಹುದು. ರಾತ್ರಿ ಎದುರಿನ ದೀಪಗಳ ಸುತ್ತ ಬಳೆಯಂತೆ ಬೆಳಕು ಕಂಡರೆ ಕಣ್ಣಿನ ಪೊರೆಯ ಪರೀಕ್ಷೆ ಅವಶ್ಯ. ಜೋರಾಗಿ ಗೊರಕೆ ಹೊಡೆದು, ಹಗಲಿನಲ್ಲಿ ಕುಳಿತಲ್ಲಿಯೇ ನಿದ್ದೆ ಹೋಗುವವರು ವೈದ್ಯರನ್ನು ಕಾಣದೆ ದೂರದ ಚಾಲನೆಗೆ ಕೈಹಾಕಬಾರದು. ಎಷ್ಟು ಅಶ್ವಶಕ್ತಿಯ ಕಾರಾದರೂ ನಿದ್ದೆಗೆ ಅದು ಮದ್ದಲ್ಲ.

ಕಳ್ಳರ ಹೊಸ ವಿದ್ಯೆ

ಪದ್ಮಿನಿಯ ಕಾಲದ ಕಳ್ಳನು ಕಿಟಕಿಯ ಮೂಲೆಯ ಸಣ್ಣ ಗಾಜನ್ನು ಸರಿಸಿ, ಕೈ ತೂರಿಸಿ, ಬಾಗಿಲು ತೆರೆದು, ಡ್ಯಾಶ್‌ಬೋರ್ಡಿನ ಕೆಳಗಿನ ಎರಡು ತಂತಿಗಳನ್ನು ಜೋಡಿಸಿದನೆಂದರೆ ಕಾರು ಅವನದು. ಇದನ್ನು ತಡೆಯಲು ಕೀಲಿಯೊಳಗೆ ಒಂದು ಸಣ್ಣ ಚಿಪ್ಪನ್ನು ಹುದುಗಿಸಿ, ಅದರ ಗುಪ್ತ ಸಂಕೇತ ಹೊಂದಿಕೆಯಾಗದಿದ್ದರೆ ಇಂಜಿನು ಚಾಲೂ ಆಗದಂತೆ ಮಾಡುವ ಇಮ್ಮೊಬಿಲೈಸರ್ ಎಂಬ ಸಾಧನ ಬಂದಿತು. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಅದು ಕಡ್ಡಾಯವಾಯಿತು. ಅಮೆರಿಕದಲ್ಲಿ ಕಡ್ಡಾಯವಾಗಿರಲಿಲ್ಲ, ಅದರ ಫಲವಾಗಿ ಅಲ್ಲಿ ಈ ಸಾಧನವಿಲ್ಲದೆ ಮಾರಾಟವಾಗಿದ್ದ ಕೆಲವು ಹ್ಯುಂಡೈ ಹಾಗೂ ಕಿಯಾ ಕಾರುಗಳನ್ನು 2021-22ರಲ್ಲಿ ಹುಡುಗರು ಒಂದು ಯು.ಎಸ್.ಬಿ. ತಂತಿಯ ತುದಿಯಿಂದಲೇ ಚಾಲೂ ಮಾಡಿ ಒಯ್ಯತೊಡಗಿದರು.

ಆದರೆ ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವನು ಕಳ್ಳ. ಇಂದಿನ ಬೆಲೆಬಾಳುವ ಕಾರುಗಳಿಗೆ ಕೀಲಿಯನ್ನು ಜೇಬಿನಿಂದ ತೆಗೆಯುವ ಶ್ರಮವೂ ಬೇಡ. ಕಾರು ಒಂದು ಮಂದ ರೇಡಿಯೋ ತರಂಗವನ್ನು ಕಳಿಸಿ ಕೀಲಿಯನ್ನು ಕರೆಯುತ್ತದೆ, ಒಂದೆರಡು ಮೀಟರಿನೊಳಗಿದ್ದರೆ ಕೀಲಿ ಉತ್ತರ ಕೊಡುತ್ತದೆ, ಬಾಗಿಲು ತೆರೆಯುತ್ತದೆ. ಕಳ್ಳರು ಇಬ್ಬರಾಗಿ ಬರುತ್ತಾರೆ. ಒಬ್ಬನು ಕಾರಿನ ಬಳಿ, ಇನ್ನೊಬ್ಬನು ಮನೆಯ ಬಾಗಿಲ ಬಳಿ ಒಂದೊಂದು ಯಂತ್ರ ಹಿಡಿದು ನಿಲ್ಲುತ್ತಾರೆ. ಕಾರಿನ ಕರೆಯನ್ನು ಮೊದಲನೆಯವನು ಎರಡನೆಯವನಿಗೆ ದಾಟಿಸುತ್ತಾನೆ. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಕೀಲಿಯು ಕಾರು ಎದುರಿಗೇ ಇದೆಯೆಂದು ಭ್ರಮಿಸಿ ಉತ್ತರ ಕೊಡುತ್ತದೆ. ಗಾಜು ಒಡೆಯುವುದಿಲ್ಲ, ಸದ್ದಾಗುವುದಿಲ್ಲ. 2016ರಲ್ಲಿಯೇ ಜರ್ಮನಿಯ ಎ.ಡಿ.ಎ.ಸಿ. ಎಂಬ ವಾಹನ ಸಂಘವು ಅನೇಕ ಪ್ರತಿಷ್ಠಿತ ಕಾರುಗಳನ್ನು ಈ ರೀತಿಯಲ್ಲಿ ತೆರೆದು ತೋರಿಸಿತು.

ಎರಡನೆಯ ಉಪಾಯ ಇನ್ನೂ ಸೂಕ್ಷ್ಮವಾದದ್ದು. ಇಂದಿನ ಕಾರಿನ ದೀಪ, ಬ್ರೇಕು, ಬಾಗಿಲು, ಇಂಜಿನುಗಳೆಲ್ಲ ಒಂದೇ ಜಾಲದ ತಂತಿಗಳ ಮೂಲಕ ಪರಸ್ಪರ ಮಾತಾಡಿಕೊಳ್ಳುತ್ತವೆ. 2022ರಲ್ಲಿ ಲಂಡನ್ನಿನಲ್ಲಿ ವಾಹನ ಭದ್ರತಾ ತಜ್ಞರೊಬ್ಬರ ಸ್ವಂತ ಟೊಯೊಟಾ ಕಾರೇ ಕಳವಾಯಿತು! ಕಳ್ಳರು ಮುಂಬದಿಯ ಬಂಪರನ್ನು ಎಳೆದು, ಹೆಡ್‌ಲೈಟಿನ ತಂತಿಯ ಮೂಲಕ ಆ ಜಾಲದೊಳಗೆ ಸುಳ್ಳು ಸಂದೇಶವನ್ನು ತೂರಿಸಿ, ಕೀಲಿ ಬಂದಿದೆಯೆಂದು ಕಾರನ್ನು ನಂಬಿಸಿದ್ದರೆಂಬುದನ್ನು ಅವರು ತನಿಖೆ ಮಾಡಿ ಕಂಡುಹಿಡಿದರು. 2023ರಲ್ಲಿ ಆ ವಿವರ ಪ್ರಕಟವಾಯಿತು. ಮೂರನೆಯ ಉಪಾಯವೆಂದರೆ, ಮೆಕ್ಯಾನಿಕರು ದೋಷ ಪರೀಕ್ಷಿಸಲು ಬಳಸುವ, ಸ್ಟಿಯರಿಂಗಿನ ಕೆಳಗಿನ ಓ.ಬಿ.ಡಿ. ಕಿಂಡಿಗೆ ಯಂತ್ರ ಜೋಡಿಸಿ ಹೊಸ ಕೀಲಿಯನ್ನೇ ಸೃಷ್ಟಿಸಿಕೊಳ್ಳುವುದು. ಕಾರಿಗೆ ವೇಗವನ್ನೂ ಸುಖವನ್ನೂ ತಂದುಕೊಟ್ಟ ಎಲೆಕ್ಟ್ರಾನಿಕ್ ವಿದ್ಯೆಯೇ ಕಳ್ಳನಿಗೂ ಬಾಗಿಲು ತೆರೆದುಕೊಟ್ಟಂತಾಯಿತು.

ಕದ್ದ ಕಾರು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಒಂದು ನಿದರ್ಶನ: ಲಂಡನ್ನಿನಲ್ಲಿ ಕಳವಾದ ಬೆಂಟ್ಲಿ ಮಲ್ಸಾನ್ ಕಾರನ್ನು ಪಾಕಿಸ್ತಾನದ ಕಸ್ಟಮ್ಸ್ ಅಧಿಕಾರಿಗಳು 2022ರ ಸೆಪ್ಟೆಂಬರಿನಲ್ಲಿ ಕರಾಚಿಯ ಒಂದು ಮನೆಯಲ್ಲಿ ಪತ್ತೆ ಹಚ್ಚಿದರು. ಸಾಧಾರಣ ಕಾರುಗಳಿಗೆ ಅಷ್ಟು ದೂರದ ಯೋಗವಿಲ್ಲ. ಅವುಗಳ ಅಂಗಾಂಗಗಳು ಬೇರ್ಪಟ್ಟು ಹಳೆಯ ಬಿಡಿಭಾಗಗಳಾಗಿ ಕರಗಿಹೋಗುತ್ತವೆ; ಇಲ್ಲವೇ ಬೇರೊಂದು ಕಾರಿನ ನಂಬರನ್ನು ಧರಿಸಿ ಬೇರೊಂದು ರಾಜ್ಯದಲ್ಲಿ ಓಡಾಡುತ್ತವೆ.

ಒಂದೇ ನಂಬರಿನ ಎರಡು ಕಾರುಗಳು

2025ರ ಜನವರಿಯಲ್ಲಿ ಕೊಲಾಬಾದ ತಾಜ್ ಹೋಟೆಲಿನ ಬಳಿ ಒಂದೇ ನಂಬರಿನ ಎರಡು ಕಾರುಗಳು ಒಟ್ಟಿಗೆ ಕಾಣಿಸಿಕೊಂಡು ಪೊಲೀಸರಲ್ಲಿ ಗಡಿಬಿಡಿಯುಂಟಾಯಿತು. ವಿಚಾರಿಸಿದಾಗ, ಸಾಲ ವಸೂಲಿಯವರ ಕಣ್ಣು ತಪ್ಪಿಸಲು ಒಬ್ಬ ಚಾಲಕನು ತನ್ನ ನಂಬರಿನ ಒಂದು ಅಂಕಿಯನ್ನು ಬದಲಿಸಿಕೊಂಡಿದ್ದನೆಂದು ಬಯಲಾಯಿತು. ಇಲ್ಲಿ ಕಾರು ಕಳವಿನದಲ್ಲ. ಆದರೆ ಆ ನಂಬರಿನ ನಿಜವಾದ ಒಡೆಯನು ತಾನು ಮಾಡದ ತಪ್ಪಿಗೆ ದಂಡದ ಚೀಟಿಗಳನ್ನು ಪಡೆಯುತ್ತಿದ್ದನು. ಇಂತಹ ಮೋಸವನ್ನು ಕಷ್ಟಸಾಧ್ಯವಾಗಿಸಲೆಂದೇ 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಉನ್ನತ ಭದ್ರತೆಯ ನಂಬರ್ ಪ್ಲೇಟು ಕಡ್ಡಾಯವಾಗಿದೆ. ಅದರಲ್ಲಿ ಹಾಲೋಗ್ರಾಮ್, ಲೇಸರಿನಿಂದ ಕೊರೆದ ಗುರುತಿನ ಸಂಖ್ಯೆ ಹಾಗೂ ಒಮ್ಮೆ ಬಿಚ್ಚಿದರೆ ಮತ್ತೆ ಬಳಸಲಾಗದ ಬೀಗಗಳಿರುತ್ತವೆ. ಹಳೆಯ ವಾಹನಗಳಿಗೂ ಇದನ್ನು ಹಾಕಿಸಿಕೊಳ್ಳುವುದನ್ನು ಕಿರಿಕಿರಿಯೆಂದು ಭಾವಿಸಬಾರದು.

ಹಳೆಯ ಕಾರು ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಚಾಸಿಯ ಸಂಖ್ಯೆಯನ್ನು ಮೊದಲು ನೋಡಬೇಕು. ಹದಿನೇಳು ಅಕ್ಷರ-ಅಂಕಿಗಳ ಆ ಸಂಖ್ಯೆಯಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದಿಲ್ಲ, ಬಂದಿದ್ದರೆ ಅನುಮಾನಿಸಬೇಕು. ಲೋಹದ ಮೇಲಿನ ಸಂಖ್ಯೆ, ಆರ್.ಸಿ. ಪುಸ್ತಕದ ಸಂಖ್ಯೆ, ಸರ್ಕಾರದ ವಾಹನ್ ದಾಖಲೆಯ ಸಂಖ್ಯೆ ಮೂರೂ ಒಂದೇ ಆಗಿರಬೇಕು. ಮಾರುವವರೂ ಅಷ್ಟೇ ಎಚ್ಚರ ವಹಿಸಬೇಕು. ನೋಂದಣಿಯಲ್ಲಿ ಹೆಸರು ಬದಲಾಗುವ ತನಕ ಅಪಘಾತದ ಪರಿಹಾರದ ಹೊಣೆ ದಾಖಲೆಯ ಒಡೆಯನ ಮೇಲೆಯೇ ಇರುವುದೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಎಚ್ಚರಿಕೆಯ ಕ್ರಮಗಳು

ನಮ್ಮ ಪರಿಚಿತ ಗೃಹಸ್ಥರೊಬ್ಬರ ಕಾರು ಒಂದು ರಾತ್ರಿ ಕಟ್ಟಡದ ಹೊರಗಿನ ರಸ್ತೆಯಿಂದ ಮಾಯವಾಯಿತು. ಬ್ಯಾಂಕಿನ ಸಾಲ ಹಿಂದಿನ ವರ್ಷವಷ್ಟೇ ತೀರಿತ್ತು. ಸಾಲವಿರುವ ತನಕ ಬ್ಯಾಂಕಿನ ಒತ್ತಾಯಕ್ಕೆ ಪೂರ್ಣ ವಿಮೆ ಮಾಡಿಸುತ್ತಿದ್ದವರು, ಸಾಲ ತೀರಿದೊಡನೆ ಕೆಲವು ಸಾವಿರ ಉಳಿಸಲು ಮೂರನೆಯವರ ಹಾನಿಯ ವಿಮೆಯೊಂದನ್ನೇ ಮುಂದುವರಿಸಿದ್ದರು. ಆ ವಿಮೆಗೆ ಕಳವಿನ ಪರಿಹಾರ ಸೇರುವುದಿಲ್ಲ. ವರ್ಷಕ್ಕೊಮ್ಮೆ ವಯಸ್ಸಾದ ತಾಯಿಯನ್ನು ಊರಿಗೆ ಕರೆದೊಯ್ಯಲೆಂದು ಕೊಂಡ ಕಾರದು. ಕಾರಿನೊಂದಿಗೆ ಅವರ ನಿದ್ದೆಯೂ ಹೋಯಿತು. ರಕ್ತದೊತ್ತಡ ಏರಿ ವೈದ್ಯರ ಬಳಿಗೆ ಅಲೆಯುವಂತಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಬದಲು ಮೊದಲೇ ಮಾಡಬಹುದಾದುದನ್ನು ಇಲ್ಲಿ ಹೇಳುವೆ.

1. ಕೀಲಿಯನ್ನು ಬಾಗಿಲ ಬಳಿಯಲ್ಲಾಗಲಿ ಕಿಟಕಿಯ ಬಳಿಯಲ್ಲಾಗಲಿ ಇಡಬೇಡಿರಿ. ರೇಡಿಯೋ ತರಂಗವನ್ನು ತಡೆಯುವ ಚೀಲಗಳು ದೊರೆಯುತ್ತವೆ. ಮುಚ್ಚಳ ಬಿಗಿಯಾಗಿ ಕೂಡುವ ಲೋಹದ ಡಬ್ಬಿಯೂ ಆಗಬಹುದು. ಆದರೆ ಕೀಲಿಯನ್ನು ಅದರಲ್ಲಿಟ್ಟು ಕಾರಿನ ಬಳಿ ಹೋಗಿ, ಬಾಗಿಲು ತೆರೆಯುವುದೋ ಇಲ್ಲವೋ ಎಂದು ಪರೀಕ್ಷಿಸಿಕೊಳ್ಳಿರಿ. ಕೆಲವು ಕಾರುಗಳಲ್ಲಿ ಕೀಲಿಯಿಲ್ಲದೆ ತೆರೆಯುವ ಸೌಕರ್ಯವನ್ನು ನಿಲ್ಲಿಸಿಡಲೂ ಬರುತ್ತದೆ.

2. ಸ್ಟಿಯರಿಂಗ್ ಬೀಗ, ಗೇರ್ ಬೀಗಗಳು ಹಳೆಯ ಕಾಲದವೆಂದು ತಿರಸ್ಕರಿಸಬೇಡಿರಿ. ರೇಡಿಯೋ ತರಂಗದಿಂದ ಉಕ್ಕನ್ನು ಕತ್ತರಿಸಲಾಗದು.

3. ಸ್ಥಾನಸೂಚಕ ಯಂತ್ರವೊಂದನ್ನು ಕಣ್ಣಿಗೆ ಬೀಳದ ಎಡೆಯಲ್ಲಿ ಅಡಗಿಸಿಡಿರಿ. ಗ್ಯಾರೇಜಿಗೋ ಹೋಟೆಲಿನ ವಾಲೆಟ್ ನೌಕರರಿಗೋ ಕಾರು ಒಪ್ಪಿಸುವಾಗ ಮನೆಯ ಕೀಲಿಯನ್ನು ಅದರೊಂದಿಗೆ ಕೊಡಬೇಡಿರಿ.

4. ಎರಡನೆಯ ಕೀಲಿಯನ್ನು ಎಂದೂ ಕಾರಿನಲ್ಲಿಡಬೇಡಿರಿ. ವಿಮೆಯ ಕಂಪನಿಯು ಎರಡೂ ಕೀಲಿಗಳನ್ನು ಕೇಳುತ್ತದೆ.

5. ಕಾರು ಹಳೆಯದಾದರೂ ಕಳವನ್ನು ಒಳಗೊಂಡ ವಿಮೆಯನ್ನೇ ಮಾಡಿಸಿರಿ. ಪಾಲಿಸಿಯಲ್ಲಿ ನಮೂದಾದ ವಾಹನದ ಮೌಲ್ಯವೇ ಪರಿಹಾರಕ್ಕೆ ಆಧಾರವಾದುದರಿಂದ, ಕಂತು ಉಳಿಸಲು ಆ ಮೌಲ್ಯವನ್ನು ತಗ್ಗಿಸಬೇಡಿರಿ.

ಇಷ್ಟಾಗಿಯೂ ಕಳವಾದರೆ ಧೈರ್ಯಗೆಡಬೇಡಿರಿ. ಮೊದಲು 112ಕ್ಕೆ ಕರೆ ಮಾಡಿರಿ. ಬಳಿಕ ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ ಪ್ರಕಾರ, ತಮ್ಮ ವ್ಯಾಪ್ತಿಗೆ ಬಾರದ ಸ್ಥಳವೆಂಬ ಕಾರಣಕ್ಕೆ ಠಾಣೆಯವರು ದೂರನ್ನು ನಿರಾಕರಿಸುವಂತಿಲ್ಲ. ಅದೇ ದಿನ ವಿಮೆಯ ಕಂಪನಿಗೂ ಆರ್.ಟಿ.ಓ. ಕಚೇರಿಗೂ ಬರೆದು ತಿಳಿಸಿರಿ. ಬೈಕುಲ್ಲಾದ ಬಹುಪಾಲು ವಾಹನಗಳಿಗೆ ಅದು ತಾಡದೇವದ ಕಚೇರಿ. ಪೊಲೀಸರಿಗೆ ತಡಮಾಡದೆ ದೂರಿತ್ತಿದ್ದರೆ, ವಿಮೆಯವರಿಗೆ ತಿಳಿಸುವಲ್ಲಿ ತಡವಾಯಿತೆಂಬುದೊಂದರಿಂದಲೇ ಪರಿಹಾರ ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಫಾಸ್ಟ್ಯಾಗಿನ ದಾಖಲೆಯನ್ನೂ ಪರಿಶೀಲಿಸಿರಿ. ಕಳ್ಳನು ದಾಟಿದ ಟೋಲ್ ನಾಕೆ ಅದರಲ್ಲಿ ಸಿಕ್ಕೀತು.

ಕಾರೊಂದು ಲೋಹದ ವಸ್ತು. ಅದು ಹೋದರೆ ವಿಮೆಯಿಂದಲೋ ದುಡಿಮೆಯಿಂದಲೋ ಮತ್ತೊಂದು ಬಂದೀತು. ವೇಗದ ಮದದಲ್ಲಿ ಹೋದ ಪ್ರಾಣಕ್ಕೆ, ಅದು ನಮ್ಮದಾಗಿರಲಿ ಪರರದಾಗಿರಲಿ, ಯಾವ ಕಂಪನಿಯೂ ಬದಲಿ ಕೊಡಲಾರದು. ಆದುದರಿಂದ ಕಳ್ಳನ ಭಯಕ್ಕೆ ರಾತ್ರಿ ಕೀಲಿಯನ್ನು ಡಬ್ಬಿಯಲ್ಲಿಡುವಷ್ಟೇ ಶ್ರದ್ಧೆಯಿಂದ, ಬೆಳಗ್ಗೆ ಅದನ್ನು ಕೈಗೆತ್ತಿಕೊಳ್ಳುವಾಗ ನಮ್ಮ ನಿದ್ದೆ, ಕಣ್ಣು, ಮನಸ್ಸುಗಳನ್ನು ಒಮ್ಮೆ ವಿಚಾರಿಸಿಕೊಂಡು, ಹಿಂದೆ ಕುಳಿತವರ ಬೆಲ್ಟು ಬಿಗಿದಿದೆಯೇ ಎಂದು ನೋಡಿ ಹೊರಡುವುದು ವಿವೇಕಿಯ ಲಕ್ಷಣ.